ನಿಮ್ಮ ಸ್ವಭಾವಕ್ಕೆ ಒಪ್ಪುವ ಕನ್ನಡ ಕಾದಂಬರಿ ಯಾವುದು? ಹುಡುಕುವ ಬಗೆ ಹೀಗೆ

ಮೊನ್ನೆ ಒಂದು ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಕೂತಿದ್ದೆ. ಅಕ್ಕನ ಮಗಳು ಫೋನ್ ಹಿಡಿದು ಬಂದಳು. ಹತ್ತು ಪ್ರಶ್ನೆಗೆ ಉತ್ತರ ಒತ್ತಿದರೆ ನೀವು ಯಾವ ಕಾದಂಬರಿ ಅಂತ ಹೇಳುವ ಆಟ. ಬೆಟ್ಟವೋ ಸಮುದ್ರವೋ, ನೀಲಿಯೋ ಕೆಂಪೋ, ಕಾಫಿಯೋ ಟೀಯೋ. ‘ಮಾಮ, ನೀವೂ ಮಾಡಿ’ ಅಂದಳು. ಮಾಡಿದೆ. ಇಂಗ್ಲೆಂಡಿನ ಯಾವುದೋ ಹಳೇ ಬಂಗಲೆಯ ಪ್ರೇಮಕತೆ ಬಂತು. ಕಾಫಿ ಬದಲು ಟೀ ಒತ್ತಿ ಇನ್ನೊಂದು ಸಲ ನೋಡಿದೆ. ಈ ಸಲ ನಾನು ತಿಮಿಂಗಿಲದ ಬೇಟೆಗಾರ ಆಗಿದ್ದೆ.

ಆಟ ಸುಮ್ನೆ ಆಟ, ಸರಿ. ಆದರೆ ಅದರ ಹಿಂದಿನ ಪ್ರಶ್ನೆ ಒಳ್ಳೆಯದೇ. ನನಗೆ ಇಪ್ಪತ್ತು ವರ್ಷದಿಂದ ಕಪಾಟಿನ ಪುಸ್ತಕ ಎರವಲು ಕೊಡುವ ಚಟ. ಯಾರಿಗೆ ಏನು ಕೊಟ್ಟೆ, ಅವರು ಎಷ್ಟನೇ ಪುಟಕ್ಕೆ ನಿಲ್ಲಿಸಿದರು, ವಾಪಸ್ ಕೊಡುವಾಗ ಏನಂದರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ವಾಪಸ್ ಬಾರದ ಪುಸ್ತಕಗಳ ಪಟ್ಟಿಯೂ ಅದರಲ್ಲೇ ಇದೆ, ಅದು ಬೇರೆ ಕತೆ. ಆ ನೋಟ್‌ಬುಕ್ ತಿರುವಿ ಹಾಕಿದಾಗ ಒಂದು ವಿಷಯ ಮತ್ತೆ ಮತ್ತೆ ಕಂಡಿತು. ‘ಹೀರೋ ಥೇಟ್ ನನ್ನ ಹಾಗೇ ಇದ್ದಾನೆ’ ಅಂದವರು ಆ ಪುಸ್ತಕವನ್ನು ಮತ್ತೆ ಕೇಳಲಿಲ್ಲ. ‘ಆ ಪಾತ್ರ ನೋಡಿದ್ರೆ ಮೈ ಉರಿಯುತ್ತೆ’ ಅಂದವರು ಎರಡನೇ ಸಲ ಒಯ್ದರು. ನನ್ನ ಲೆಕ್ಕ ಇಷ್ಟೇ: ಓದುವಾಗ ನಿಮಗೆ ಮುಜುಗರ ಮಾಡುವ ಪಾತ್ರ ಯಾವ ಕಾದಂಬರಿಯಲ್ಲಿದೆಯೋ ಅದು ನಿಮ್ಮ ಕಾದಂಬರಿ. ಅದನ್ನು ಹುಡುಕುವ ದಾರಿ ಕೆಳಗಿದೆ. ಒಂದು ಪೆನ್ಸಿಲ್, ಎರಡು ಹಾಳೆ, ಒಂದು ಸಂಜೆ ಸಾಕು. ಆಮೇಲೆ ಓದುವುದಕ್ಕೆ ಮಾತ್ರ ವಾರಗಟ್ಟಲೆ ಹಿಡಿಯುತ್ತದೆ.

ಹೆಜ್ಜೆ 1: ಏನಾಗಿದ್ದೀರಿ ಅಂತ ಬರೆಯಬೇಡಿ, ಏನು ಮಾಡಿದಿರಿ ಅಂತ ಬರೆಯಿರಿ

‘ನಾನು ಸೂಕ್ಷ್ಮ ಮನಸ್ಸಿನವನು’, ‘ನಾನು ನೇರ ಮಾತಿನವಳು’ ಇಂಥ ಸಾಲುಗಳಿಂದ ಏನೂ ಹುಟ್ಟುವುದಿಲ್ಲ. ಎಲ್ಲರೂ ಹಾಗೇ ಬರೆಯುತ್ತಾರೆ. ಕಳೆದ ಎರಡು ಮೂರು ತಿಂಗಳಲ್ಲಿ ನಿಜವಾಗಿ ನಡೆದದ್ದನ್ನು ನೆನಪಿಸಿಕೊಂಡು ಈ ಐದಕ್ಕೆ ಉತ್ತರ ಬರೆಯಿರಿ. ಒಂದೊಂದಕ್ಕೆ ಎರಡು ಸಾಲು, ಜಾಸ್ತಿ ಬೇಡ.

1. ಕಷ್ಟದ ತೀರ್ಮಾನ ಬಂದಾಗ ಮೊದಲು ಎಲ್ಲಿ ಹೋದಿರಿ? ನಿಯಮ ಏನಿದೆ ಅಂತ ನೋಡಿದಿರಾ, ಯಾರನ್ನಾದರೂ ಕೇಳಿದಿರಾ, ಅಥವಾ ಮಾಡಿ ಮುಗಿಸಿ ಆಮೇಲೆ ಯೋಚಿಸಿದಿರಾ?

2. ಮನೆಯಲ್ಲಿ ಜಗಳ ಆದ ಮರುದಿನ ಬೆಳಿಗ್ಗೆ ಹಾಲು ಕಾಯಿಸಿದವರು ಯಾರು?

3. ಹುಟ್ಟಿದ ಊರಿನಿಂದ ಫೋನ್ ಬಂದರೆ ಮೊದಲು ಏನನ್ನಿಸುತ್ತದೆ? ಖುಷಿಯಾ, ಅಪರಾಧಿ ಭಾವನೆಯಾ, ‘ಈಗ ಏನು ಕೇಳ್ತಾರೋ’ ಅಂತಲಾ?

4. ಬಸ್ ಒಂದು ಗಂಟೆ ತಡವಾದರೆ ಏನು ಮಾಡುತ್ತೀರಿ? ಫೋನ್ ನೋಡುತ್ತೀರಾ, ಪಕ್ಕದವರ ಮಾತು ಕೇಳಿಸಿಕೊಳ್ಳುತ್ತೀರಾ, ಕಂಬದ ಮೇಲಿನ ಹುಳ ನೋಡುತ್ತೀರಾ?

5. ಮೇಲಿನವರು ‘ಒಂದ್ ನಿಮಿಷ ಬಂದು ಹೋಗಿ’ ಅಂತ ಮೆಸೇಜ್ ಕಳಿಸಿದರೆ ಹೊಟ್ಟೆಯಲ್ಲಿ ಏನಾಗುತ್ತದೆ?

ಎರಡನೇ ಪ್ರಶ್ನೆ ಹೊರಗಿನಿಂದ ಸಣ್ಣದಾಗಿ ಕಾಣುತ್ತದೆ. ನನ್ನ ಅನುಭವದಲ್ಲಿ ಐದರಲ್ಲಿ ಅದೇ ದೊಡ್ಡದು.

ಹೆಜ್ಜೆ 2: ಅದೇ ಹಾಳೆಯನ್ನು ಮನೆಯವರ ಕೈಗೆ ಕೊಡಿ

ನಿಮ್ಮ ಉತ್ತರ ತೋರಿಸಬೇಡಿ. ಪ್ರಶ್ನೆ ಮಾತ್ರ ಕೊಟ್ಟು, ನಿಮ್ಮ ಬಗ್ಗೆ ಅವರು ಉತ್ತರ ಬರೆಯಲಿ. ಗೆಳೆಯರಿಗಿಂತ ಒಂದೇ ಸೂರಿನ ಕೆಳಗಿರುವವರು ವಾಸಿ. ಹಾಸ್ಟೆಲ್‌ನಲ್ಲಿದ್ದರೆ ರೂಮ್‌ಮೇಟ್ ಸಾಕು.

ನಾನು ಈ ಹೆಜ್ಜೆ ಮಾಡುವ ಮೊದಲು ನನ್ನನ್ನು ‘ಕಾನೂರು ಹೆಗ್ಗಡಿತಿ’ಯ ಹೂವಯ್ಯ ಅಂದುಕೊಂಡಿದ್ದೆ. ಓದಿಕೊಂಡವನು, ಆದರ್ಶ ಇರುವವನು, ಸೂರ್ಯೋದಯ ನೋಡಿ ಮೈಮರೆಯುವವನು. ನನ್ನ ಹೆಂಡತಿ ಐದೂ ಪ್ರಶ್ನೆ ಓದಿ, ಉತ್ತರ ಬರೆಯದೆ ಕೆಳಗೆ ಒಂದೇ ಹೆಸರು ಬರೆದಳು: ಚೆನ್ನಿಗರಾಯ. ‘ಗೃಹಭಂಗ’ ಓದಿದವರಿಗೆ ಈ ಏಟು ಎಲ್ಲಿಗೆ ಬಿತ್ತು ಅಂತ ಗೊತ್ತಾಗುತ್ತದೆ. ಮನೆಯಲ್ಲಿ ಏನೇ ಆಗಿರಲಿ, ತನ್ನ ತಟ್ಟೆ ಮಾತ್ರ ತುಂಬಿರಬೇಕು ಅನ್ನುವ ಶ್ಯಾನುಭೋಗ ಅವನು. ‘ಯಾಕೆ?’ ಅಂತ ಕೇಳಿದೆ. ‘ಸಾರು ತಣ್ಣಗಾಗಿದೆ ಅಂತ ಮೊದಲು ಕೂಗೋರು ಯಾರು?’ ಅಂದಳು. ಮಾತಿಲ್ಲ.

ಎರಡೂ ಹಾಳೆ ಪಕ್ಕ ಪಕ್ಕ ಇಡಿ. ಎಲ್ಲಿ ಉತ್ತರ ಒಂದೇ ಇದೆಯೋ ಅದನ್ನು ಬಿಡಿ. ಎಲ್ಲಿ ಬೇರೆ ಇದೆಯೋ ಅಲ್ಲಿ ಗೆರೆ ಎಳೆಯಿರಿ. ನಿಮ್ಮ ಕಾದಂಬರಿ ಆ ಗೆರೆಯ ಹತ್ತಿರ ಸಿಗುತ್ತದೆ.

ಹೆಜ್ಜೆ 3: ಗೆರೆಯಿಂದ ಪುಸ್ತಕಕ್ಕೆ

ಇದು ಉದ್ದದ ಹೆಜ್ಜೆ. ನಿಮಗೆ ಸಂಬಂಧಿಸಿದ ಭಾಗ ಮಾತ್ರ ಓದಿದರೂ ನಡೆಯುತ್ತದೆ.

ಗೆರೆ ಮೊದಲನೇ ಪ್ರಶ್ನೆಯ ಮೇಲೆ ಬಿದ್ದಿದೆ, ನೀವು ‘ನಾನು ತೀರ್ಮಾನ ತಗೋತೀನಿ’ ಅಂತ ಬರೆದಿದ್ದೀರಿ, ಮನೆಯವರು ‘ಮೂರು ದಿನ ಯೋಚನೆ ಮಾಡ್ತಾರೆ’ ಅಂತ ಬರೆದಿದ್ದಾರೆ ಅಂದರೆ ಅನಂತಮೂರ್ತಿಯವರ ‘ಸಂಸ್ಕಾರ’ (1965) ಎತ್ತಿಕೊಳ್ಳಿ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಬದುಕಿದ್ದಾಗ ಎಲ್ಲ ಆಚಾರ ಮುರಿದವನು. ಅವನ ಹೆಣ ಸುಡುವವರು ಯಾರು? ಹೆಣ ಮನೆಯಲ್ಲಿರುವ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವ ಹಾಗಿಲ್ಲ. ಎಲ್ಲರೂ ಪ್ರಾಣೇಶಾಚಾರ್ಯರ ಬಾಯಿ ನೋಡುತ್ತಾರೆ. ಅವರು ತಾಳೆಗರಿ ತೆಗೆದು ಕೂರುತ್ತಾರೆ. ಗ್ರಂಥದಲ್ಲಿ ಉತ್ತರ ಇಲ್ಲ. ಮಾರುತಿ ಗುಡಿಗೆ ಹೋಗಿ ದೇವರ ಬಲಗಡೆಯ ಹೂವು ಬೀಳುತ್ತದಾ, ಎಡಗಡೆಯದಾ ಅಂತ ದಿನವಿಡೀ ಕಾಯುತ್ತಾರೆ. ಹೂವೂ ಬೀಳುವುದಿಲ್ಲ. ಊರಲ್ಲಿ ಇಲಿಗಳು ಸಾಯುತ್ತಲೇ ಇವೆ.

ಈ ಪುಸ್ತಕವನ್ನು ಜಾತಿ, ಆಚಾರ, ಬಂಡಾಯದ ಕತೆ ಅಂತ ಕಾಲೇಜಿನಲ್ಲಿ ಓದಿಸುತ್ತಾರೆ. ಅದು ಸರಿಯೇ. ಆದರೆ ಯಾವ ಫೋನ್ ಕೊಳ್ಳಬೇಕು ಅಂತ ಹದಿನೈದು ದಿನ ರಿವ್ಯೂ ನೋಡುವವರು, ಕೆಲಸ ಬಿಡಲೋ ಬೇಡವೋ ಅಂತ ಆರು ತಿಂಗಳು ಎಲ್ಲರನ್ನೂ ಕೇಳುವವರು ಇದನ್ನು ಓದಿದಾಗ ಬೇರೆ ಏನೋ ಕಾಣುತ್ತದೆ. ಆಚಾರ್ಯರು ಪುಟ ತಿರುವುತ್ತಿರುವಾಗ ಹೆಣದ ಗತಿ ಏನಾಯಿತು ಅನ್ನುವುದನ್ನು ನಾನು ಹೇಳುವುದಿಲ್ಲ. ಅದು ಗೊತ್ತಾದ ಕ್ಷಣ ನಿಮಗೆ ನಿಮ್ಮದೇ ಏನೋ ನೆನಪಾದರೆ ಪುಸ್ತಕ ಹೊಂದಿತು ಅಂತ ಅರ್ಥ. ಕೊನೆಯ ಭಾಗದಲ್ಲಿ ದಾರಿಯಲ್ಲಿ ಗಂಟುಬೀಳುವ ಪುಟ್ಟ ಅನ್ನುವ ಹುಡುಗನಿದ್ದಾನೆ. ಒಂದು ಗಳಿಗೆ ಬಾಯಿ ಮುಚ್ಚದವನು, ಎಲ್ಲರ ಜೊತೆ ಬೆರೆಯುವವನು, ಯೋಚನೆ ಅಂದರೆ ಏನು ಅಂತ ಗೊತ್ತಿಲ್ಲದವನು. ಅವನನ್ನು ಕಂಡು ರೇಗಿತಾ? ನೀವು ಆಚಾರ್ಯರೇ, ಸಂಶಯ ಬೇಡ.

ಎರಡನೇ ಪ್ರಶ್ನೆಗೆ ಬರೋಣ. ‘ಹಾಲು ಕಾಯಿಸಿದ್ದು ನಾನೇ’ ಅಂತ ಇಬ್ಬರೂ ಬರೆದಿದ್ದರೆ ಮನೆಯಲ್ಲಿ ಮಾತಾಡಬೇಕಾದ ವಿಷಯ ಇದೆ. ನಿಜವಾಗಿ ನೀವೇ ಆಗಿದ್ದರೆ, ದಿನವೂ ನೀವೇ ಆಗಿದ್ದರೆ, ಭೈರಪ್ಪನವರ ‘ಗೃಹಭಂಗ’ (1970) ನಿಮಗೆ. ನಂಜಮ್ಮ ಗಂಡನ ಹೆಸರಿನಲ್ಲಿ ಶ್ಯಾನುಭೋಗಿಕೆಯ ಲೆಕ್ಕ ಬರೆಯುತ್ತಾಳೆ, ಮುತ್ತುಗದ ಎಲೆ ತಂದು ಊಟದೆಲೆ ಹಚ್ಚಿ ಮಾರುತ್ತಾಳೆ, ಅತ್ತೆ ಗಂಗಮ್ಮನ ಬೈಗುಳ ಕೇಳುತ್ತಾಳೆ, ಪ್ಲೇಗು ಬಂದಾಗ ಊರ ಹೊರಗೆ ಗುಡಿಸಲಿಗೆ ಹೋಗುತ್ತಾಳೆ. ನಂಜಮ್ಮನಿಗಾಗಿ ಅತ್ತು ಪುಸ್ತಕ ಮುಚ್ಚಿಟ್ಟರೆ ಅರ್ಧ ಓದಿದ ಹಾಗೆ. ಮನೆ ಹೊರುವವರು ಇದನ್ನು ಓದಿ ನನ್ನ ಹತ್ತಿರ ಹೇಳಿದ ಮಾತು ಬೇರೆ: ‘ಇವಳು ಒಂದು ದಿನ ಆ ಲೆಕ್ಕದ ಪುಸ್ತಕ ಎಸೆದು ಸುಮ್ನೆ ಕೂರಬಾರದಿತ್ತಾ?’ ಈ ಸಿಟ್ಟು ಬಂದವರಿಗೆ ಇದು ಹೊಂದುವ ಪುಸ್ತಕ. ಒಂದು ಎಚ್ಚರಿಕೆ: ಮನೆಯಲ್ಲಿ ಇತ್ತೀಚೆಗೆ ಸಾವು ಆಗಿದ್ದರೆ ಈಗ ಬೇಡ. ಇದರಲ್ಲಿ ಸಾವುಗಳು ಬರುವ ರೀತಿ ತುಂಬಾ ಬಿರುಸು.

ಕೆಲಸದ ನೆಪದಲ್ಲಿ ಮನೆ ಮರೆಯುವವರಿಗೆ ಭೈರಪ್ಪನವರದ್ದೇ ‘ವಂಶವೃಕ್ಷ’ (1965). ಎಲ್ಲರೂ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ಬಗ್ಗೆ, ಸೊಸೆ ಕಾತ್ಯಾಯಿನಿಯ ಬಗ್ಗೆ ಮಾತಾಡುತ್ತಾರೆ. ನೀವು ಪಕ್ಕದ ಕತೆ ನೋಡಿ. ಇತಿಹಾಸದ ದೊಡ್ಡ ಗ್ರಂಥ ಬರೆಯುವ ಸದಾಶಿವರಾಯ, ಅವನ ಹೆಂಡತಿ ನಾಗಲಕ್ಷ್ಮಿ. ಅವನು ಕೆಟ್ಟವನಲ್ಲ. ಅದೇ ತೊಂದರೆ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚುವ ಗಂಡಸರಿಗೆ ಈ ಭಾಗ ಕುತ್ತಿಗೆಗೆ ಬರುತ್ತದೆ.

ಮೂರನೇ ಪ್ರಶ್ನೆ ಊರಿನದು. ಬೆಂಗಳೂರಿನಲ್ಲೋ ದುಬೈನಲ್ಲೋ ಕೂತು ‘ಒಂದು ದಿನ ಊರಿಗೆ ಹೋಗಿ ತೋಟ ಮಾಡ್ತೀನಿ’ ಅನ್ನುವವರು ಬಹಳ ಜನ. ಇವರಿಗೆ ನಾನು ಮೊದಲು ಕಾರಂತರ ‘ಮರಳಿ ಮಣ್ಣಿಗೆ’ ಕೊಡುತ್ತಿದ್ದೆ. ಕಡಲ ತೀರದ ಕೋಡಿಯ ಮೂರು ತಲೆಮಾರು: ರಾಮ ಐತಾಳರು, ಇಂಗ್ಲಿಷ್ ಓದಿ ಕೈತಪ್ಪುವ ಮಗ ಲಚ್ಚ, ಮರಳಿ ಬರುವ ಮೊಮ್ಮಗ ರಾಮ. ಓದಿದವರೆಲ್ಲ ತಾವು ಮೊಮ್ಮಗ ಅಂದುಕೊಂಡು ಸಂತೋಷವಾಗಿ ಪುಸ್ತಕ ವಾಪಸ್ ಕೊಡುತ್ತಿದ್ದರು. ಯಾರೂ ಲಚ್ಚ ಅಂದುಕೊಳ್ಳಲಿಲ್ಲ! ಅದಕ್ಕೇ ಈಗ ಇಂಥವರಿಗೆ ‘ಬೆಟ್ಟದ ಜೀವ’ ಕೊಡುತ್ತೇನೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಗೋಪಾಲಯ್ಯನವರ ಮನೆಗೆ ಬರುತ್ತಾನೆ. ಮುದುಕ ಮುದುಕಿ ಇಬ್ಬರೇ. ಅಪರಿಚಿತನಿಗೆ ನಡೆಯುವ ಉಪಚಾರ ಎಷ್ಟೆಂದರೆ, ಓದುವ ನಮಗೇ ಹೊಟ್ಟೆ ತುಂಬುತ್ತದೆ. ಹೊರಡುತ್ತೇನೆ ಅಂದರೆ ಇನ್ನೊಂದು ದಿನ ಇರಿ ಅನ್ನುತ್ತಾರೆ. ಈ ಪ್ರೀತಿ ಯಾರಿಗೆ ಸಲ್ಲಬೇಕಾದದ್ದು ಅಂತ ಮೆಲ್ಲಗೆ ಗೊತ್ತಾಗುತ್ತದೆ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಇಡೀ ಪುಸ್ತಕದಲ್ಲಿ ಎಲ್ಲರ ಮನಸ್ಸಿನಲ್ಲಿರುವವನು ಮನೆಯಲ್ಲಿಲ್ಲದ ಅವನು. ಊರಿಗೆ ಹೋಗದ ಮಕ್ಕಳಿಗೆ ಅದು ತಮ್ಮದೇ ಪಾತ್ರ ಅಂತ ತಿಳಿಯಲು ಐವತ್ತು ಪುಟ ಬೇಕಾಗುವುದಿಲ್ಲ.

ನಾಲ್ಕನೇ ಪ್ರಶ್ನೆ ನನಗೆ ಅಚ್ಚುಮೆಚ್ಚು. ಕಂಬದ ಹುಳ ನೋಡುವವರು ಕಣ್ಣು ಮುಚ್ಚಿಕೊಂಡು ತೇಜಸ್ವಿಯವರ ‘ಕರ್ವಾಲೊ’ (1980) ತಗೊಳ್ಳಿ. ಮೂಡಿಗೆರೆಯಲ್ಲಿ ಜೇನುತುಪ್ಪ ಕೊಳ್ಳಲು ಹೋದವನಿಗೆ ಮಂದಣ್ಣನ ಪರಿಚಯವಾಗುತ್ತದೆ. ಊರಿನ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಲೆಕ್ಕದಲ್ಲಿ ಹುಟ್ಟಾ ನಿಸರ್ಗ ತಜ್ಞ. ಹಾರುವ ಓತಿಯೊಂದರ ಬೆನ್ನು ಹತ್ತಿ ಎಲ್ಲರೂ ಕಾಡಿಗೆ ಹೊರಡುತ್ತಾರೆ. ತೆಳ್ಳನೆ ಪುಸ್ತಕ, ನಗಿಸುತ್ತಲೇ ಓದಿಸಿಕೊಂಡು ಹೋಗುತ್ತದೆ. ಇಲ್ಲೂ ಒಂದು ಮುಳ್ಳಿದೆ. ಎಲ್ಲರಿಗೂ ಕರ್ವಾಲೊ ಆಗುವ ಆಸೆ. ಆದರೆ ಮಂದಣ್ಣನ ಬಗ್ಗೆ ಮೊದಲ ಪುಟಗಳಲ್ಲಿ ನಿರೂಪಕನಿಗೆ ಬರುವ ಬೇಸರ ಇದೆಯಲ್ಲ, ‘ಇವನನ್ನು ಈ ಮನುಷ್ಯ ಯಾಕೆ ಇಷ್ಟು ಹಚ್ಚಿಕೊಂಡಿದ್ದಾರೆ’ ಅನ್ನುವ ಬೇಸರ, ಅದು ನಿಮಗೂ ಬಂತಾ ಅಂತ ನೋಡಿಕೊಳ್ಳಿ.

ಪಕ್ಕದವರ ಮಾತು ಕೇಳಿಸಿಕೊಳ್ಳುವವರಿಗೆ, ಮದುವೆಮನೆಯಲ್ಲಿ ಗಂಡು ಹೆಣ್ಣಿಗಿಂತ ಅಡುಗೆಯವರ ಜಗಳ ನೋಡುವವರಿಗೆ ‘ಮಲೆಗಳಲ್ಲಿ ಮದುಮಗಳು’ (1967). ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಪುಸ್ತಕದ ಬಾಗಿಲಲ್ಲೇ ಹೇಳಿಬಿಡುತ್ತಾರೆ. ಕತೆ ಶುರುವಾಗುವುದೇ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಜೊತೆ. ಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ, ಗೌಡರು, ಜೀತದವರು, ಪಾದ್ರಿ, ಮಳೆ, ಜಿಗಣೆ. ನಾನು ಒಂದು ಹಾಳೆಯಲ್ಲಿ ಹೆಸರು ಮತ್ತು ಮನೆ ಬರೆದುಕೊಂಡು ಓದಿದೆ. ನಾಚಿಕೆಪಡುವಂಥದ್ದೇನೂ ಇಲ್ಲ. ಅವಸರದವರಿಗೆ ಈ ಪುಸ್ತಕ ಅಲ್ಲ, ಅವರಿಗೆ ಒಂದೇ ಹಗಲು ರಾತ್ರಿಯಲ್ಲಿ ಓಡುವ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಇದೆ.

ಐದನೇ ಪ್ರಶ್ನೆ ಆಫೀಸಿನವರದು. ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಗುತ್ತದೆ ಅನ್ನುವವರಿಗೆ ಯಶವಂತ ಚಿತ್ತಾಲರ ‘ಶಿಕಾರಿ’ (1979). ಮುಂಬೈನ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನನ್ನು ಇದ್ದಕ್ಕಿದ್ದಂತೆ ಕೆಲಸದಿಂದ ಅಮಾನತು ಮಾಡುತ್ತಾರೆ. ಯಾಕೆ ಅಂತ ಅವನಿಗೆ ಗೊತ್ತಿಲ್ಲ. ಯಾರು ಮಾಡಿಸಿದರು, ಯಾರ ನಗುವಿನ ಹಿಂದೆ ಏನಿತ್ತು, ಹಳೆಯ ಒಂದೊಂದು ಮಾತನ್ನೂ ಕೆದಕುತ್ತಾ ಹೋಗುತ್ತಾನೆ. ಕನ್ನಡದಲ್ಲಿ ಆಫೀಸಿನ ಭಯವನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಕಾದಂಬರಿ ನನಗೆ ಸಿಕ್ಕಿಲ್ಲ.

ಇನ್ನುಳಿದ ಕೆಲವು ಬೇಗ ಬೇಗ. ಮಾತಾಡದೆ ಸಹಿಸಿ, ಯಾರಿಗೂ ಗೊತ್ತಾಗದ ಹಾಗೆ ತಮಗೆ ಸರಿ ಕಂಡದ್ದನ್ನೇ ಮಾಡುವವರಿಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976). ‘ದೇವರು ಅಂದ್ರೆ ಏನಜ್ಜಿ?’ ಅಂತ ಕೇಳಿ ಬೈಸಿಕೊಂಡವರಿಗೆ ಕಾರಂತರ ‘ಮೂಕಜ್ಜಿಯ ಕನಸುಗಳು’, 1968ರ ಪುಸ್ತಕ, 1977ರಲ್ಲಿ ಜ್ಞಾನಪೀಠ ತಂದುಕೊಟ್ಟದ್ದು. ಕೋಟೆ, ವಂಶ, ಯುದ್ಧ ಅಂದರೆ ಮೈ ಜುಂ ಅನ್ನುವವರಿಗೆ ತರಾಸು ಅವರ ‘ದುರ್ಗಾಸ್ತಮಾನ’.

ಹೆಜ್ಜೆ 4: ಕಿವಿಗೆ ಒಪ್ಪುತ್ತದಾ ನೋಡಿ

ಫೋನಿನ ಆಟಕ್ಕೆ ಎಂದೂ ಗೊತ್ತಾಗದ ವಿಷಯ ಇದು. ಕನ್ನಡ ಒಂದೇ ಅಲ್ಲ. ನಿಮ್ಮ ಅಜ್ಜಿ ಆಡುತ್ತಿದ್ದ ಕನ್ನಡ ಯಾವ ಪುಸ್ತಕದಲ್ಲಿದೆಯೋ ಅದು ಅರ್ಧ ಗೆದ್ದ ಹಾಗೆ. ಮಲೆನಾಡಿನವರಿಗೆ ‘ಮದುಮಗಳು’ ತೊಡಕೇ ಅಲ್ಲ, ಬೀದರಿನವರಿಗೆ ಮೊದಲ ಮೂವತ್ತು ಪುಟ ಏರುದಾರಿ. ಉತ್ತರ ಕರ್ನಾಟಕದ ಮಾತು ಬೇಕಾದವರಿಗೆ ರಾವಬಹಾದ್ದೂರರ ‘ಗ್ರಾಮಾಯಣ’ (1957) ಇದೆ. ದೇವನೂರ ಮಹಾದೇವರ ‘ಕುಸುಮಬಾಲೆ’ (1988) ನಂಜನಗೂಡು ಸೀಮೆಯ ಮಾತಿನಲ್ಲೇ ಇದೆ. ಅದರಲ್ಲಿ ಮನೆಮನೆಯ ದೀಪದ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ಮಾತಾಡಿಕೊಳ್ಳುತ್ತಾರೆ.

ಪರೀಕ್ಷೆ ಸುಲಭ. ಯಾವುದಾದರೂ ಒಂದು ಪುಟ ಗಟ್ಟಿಯಾಗಿ ಓದಿ. ಕಣ್ಣಿಗೆ ಕಷ್ಟವಾದದ್ದು ಬಾಯಿಗೆ ಸಲೀಸಾದರೆ ಮುಂದುವರಿಸಿ. ‘ಕುಸುಮಬಾಲೆ’ ಓದಲಾಗದೆ ಎರಡು ಸಲ ವಾಪಸ್ ಕೊಟ್ಟ ಪಕ್ಕದ ಮನೆಯ ಹುಡುಗ, ಅವನ ಅಮ್ಮ ಅಡುಗೆಮನೆಯಲ್ಲಿ ನಿಂತು ಎರಡು ಪುಟ ಓದಿ ಹೇಳಿದ ಮೇಲೆ ನಾಲ್ಕು ದಿನದಲ್ಲಿ ಮುಗಿಸಿದ. ಆ ಅಮ್ಮ ಗುಂಡ್ಲುಪೇಟೆಯ ಕಡೆಯವರು.

ಹೆಜ್ಜೆ 5: ಮೂವತ್ತು ಪುಟ, ಒಂದು ಪೆನ್ಸಿಲ್

ಪುಸ್ತಕ ಲೈಬ್ರರಿಯಿಂದ ತಂದರೂ ಸರಿ, ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಿಂದ ತಂದರೂ ಸರಿ. ಲೈಬ್ರರಿಯದಾದರೆ ಗೀಚಬೇಡಿ, ಚೀಟಿ ಇಡಿ. ಚೆಂದದ ವಾಕ್ಯಕ್ಕೆ ಗೆರೆ ಎಳೆಯುವ ಅಭ್ಯಾಸ ಈ ಸಲ ಬಿಡಿ. ಎಲ್ಲಿ ಕಿರಿಕಿರಿಯಾಯಿತು, ಎಲ್ಲಿ ‘ಹೀಗೆಲ್ಲ ಯಾರು ಮಾಡ್ತಾರೆ’ ಅನ್ನಿಸಿತು, ಎಲ್ಲಿ ಬೇಗ ಪುಟ ತಿರುವಿದಿರಿ, ಅಲ್ಲಿ ಮಾತ್ರ ಗುರುತು ಹಾಕಿ.

ಮೂವತ್ತು ಪುಟದಲ್ಲಿ ಒಂದೂ ಗುರುತು ಬೀಳಲಿಲ್ಲ ಅಂದರೆ ಪುಸ್ತಕ ಚೆನ್ನಾಗಿದೆ ಆದರೆ ನಿಮ್ಮದಲ್ಲ. ಬದಲಾಯಿಸಿ, ಪಾಪವೇನಿಲ್ಲ. ಗುರುತು ಹತ್ತು ದಾಟಿದ್ದು, ಎಲ್ಲವೂ ಒಬ್ಬನೇ ಪಾತ್ರದ ಸುತ್ತ ಇದ್ದರೆ ನಿಲ್ಲಿಸಬೇಡಿ. ಗುರುತು ಎಲ್ಲ ಕಡೆ ಚೆಲ್ಲಿದ್ದರೆ ಬಹುಶಃ ನಿಮಗೆ ನಿದ್ದೆ ಕಡಿಮೆಯಾಗಿದೆ, ಭಾನುವಾರ ನೋಡಿ.

ಸಿನಿಮಾ ಮೊದಲು ನೋಡಬೇಡಿ. ‘ಸಂಸ್ಕಾರ’ (1970) ಒಳ್ಳೆಯ ಸಿನಿಮಾ, ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿಯೂ ಬಂತು. ಆದರೆ ಒಮ್ಮೆ ಗಿರೀಶ ಕಾರ್ನಾಡರ ಮುಖ ಕಣ್ಣಲ್ಲಿ ಕೂತರೆ ಪ್ರಾಣೇಶಾಚಾರ್ಯರಿಗೆ ನಿಮ್ಮ ಮುಖ ಬರುವುದಿಲ್ಲ. ಈ ಕೆಲಸಕ್ಕೆ ಬೇಕಾಗಿರುವುದು ನಿಮ್ಮ ಮುಖ, ಅಲ್ವಾ?

ಹೆಜ್ಜೆ 6: ಕೊನೆಯ ಹಾಳೆಯಲ್ಲಿ ತಾರೀಖು ಬರೆಯಿರಿ

ಓದಿ ಮುಗಿಸಿದ ದಿನ ಕೊನೆಯ ಖಾಲಿ ಹಾಳೆಯಲ್ಲಿ ತಾರೀಖು ಹಾಕಿ, ಕೆಳಗೆ ನೀವು ಯಾವ ಪಾತ್ರ ಅನ್ನಿಸಿತೋ ಆ ಹೆಸರು ಬರೆಯಿರಿ. ಹತ್ತು ವರ್ಷ ಬಿಟ್ಟು ಮತ್ತೆ ಓದಿ. ಮದುವೆ, ಮಕ್ಕಳು, ಬಡ್ತಿ, ಮನೆ ಸಾಲ ಇವೆಲ್ಲ ಆದ ಮೇಲೆ ಹೆಸರು ಅದೇ ಇರುವುದು ಕಷ್ಟ. ನಂಜಮ್ಮನ ಪಕ್ಷ ವಹಿಸಿದ್ದ ನನ್ನ ಅತ್ತಿಗೆ, ಮಗನಿಗೆ ಮದುವೆ ಮಾಡಿದ ವರ್ಷ ‘ಗೃಹಭಂಗ’ ಮತ್ತೆ ಒಯ್ದು, ಗಂಗಮ್ಮನ ಬಗ್ಗೆ ಒಂದು ಮಾತೂ ಆಡದೆ ವಾಪಸ್ ಕೊಟ್ಟರು.

ನಾನು ‘ಶಿಕಾರಿ’ ಮೊದಲು ಓದಿದ್ದು ಇಪ್ಪತ್ತಾರರಲ್ಲಿ, ಹೊಸ ಕೆಲಸದಲ್ಲಿ. ಬಾಸ್ ಕರೆದರೆ ಕೈ ಬೆವರುತ್ತಿದ್ದ ಕಾಲ. ಕೊನೆಯ ಹಾಳೆಯಲ್ಲಿ ‘ನಾಗಪ್ಪ’ ಅಂತ ದೊಡ್ಡದಾಗಿ ಬರೆದಿದ್ದೆ. ಹೋದ ವರ್ಷ ಮತ್ತೆ ಓದಿದೆ. ಈ ನಡುವೆ ನಾನೂ ಇಬ್ಬರು ಹುಡುಗರನ್ನು ರೂಮಿಗೆ ಕರೆದು, ಬಾಗಿಲು ಹಾಕಿ, ‘ಕೂತ್ಕೊಳ್ಳಿ’ ಅಂದಿದ್ದೇನೆ. ಪುಸ್ತಕ ಮುಗಿಸಿ ಎರಡನೇ ತಾರೀಖು ಹಾಕಿದೆ. ಹೆಸರು ಬರೆಯಲು ಪೆನ್ಸಿಲ್ ಎತ್ತಿಕೊಂಡೆ. ಈ ಪುಸ್ತಕವನ್ನು ಆಫೀಸಿನವರೂ ಎರವಲು ಒಯ್ಯುತ್ತಾರೆ ಅಂತ ನೆನಪಾಗಿ, ಹಾಗೇ ಮುಚ್ಚಿಟ್ಟೆ.